ಶಾಲು ಹೊದಿಸಿದರೆ ಸಾಲದು, ಸಂಧಾನಕ್ಕೂ ಸಂಘ ಬೇಕು

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಹಿರಿಯರಿಗೆ ಶಾಲು, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸುವ ಪರಿಪಾಠ ಬಹುಕಾಲದಿಂದ ನಡೆದುಬಂದಿದೆ. ಇದು ಸ್ತುತ್ಯರ್ಹವೇ. ಆದರೆ ಸನ್ಮಾನ ಸ್ವೀಕರಿಸಿ ಮನೆಗೆ ಮರಳಿದ ಹಿರಿಯರು ಅಲ್ಲಿ ಹೇಗಿದ್ದಾರೆಂದು ವಿಚಾರಿಸುವ ವ್ಯವಸ್ಥೆ ಎಷ್ಟು ಸಂಘಗಳಲ್ಲಿದೆ?

ಹೋಟೇಲು, ಕ್ಯಾಂಟೀನುಗಳಲ್ಲಿ ದುಡಿದು, ಊರಿನ ಜಾಗ ಮಾರಿದ ಹಣವನ್ನೂ ಸೇರಿಸಿ ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಫ್ಲಾಟು ಕೊಂಡ ತಂದೆ, ಅದನ್ನು ನಂಬಿಕೆಯಿಂದ ಮಗನ ಹೆಸರಿಗೆ ಮಾಡಿಕೊಡುತ್ತಾರೆ. ಕೆಲವೇ ವರ್ಷಗಳಲ್ಲಿ ಔಷಧದ ಖರ್ಚು, ಮಲಗುವ ಜಾಗ, ಟಿ.ವಿ.ಯ ಸದ್ದು ಎಲ್ಲವೂ ಜಗಳಕ್ಕೆ ಕಾರಣವಾಗುತ್ತವೆ. ಮಗನಿಗೂ ಸಾಲದ ಕಂತು, ಮಕ್ಕಳ ಫೀಸು, ಲೋಕಲ್ ರೈಲಿನ ದಣಿವು ಇದ್ದೇ ಇದೆ. ಊರಿನಲ್ಲಾಗಿದ್ದರೆ ಸೋದರಮಾವನೋ ಗುರಿಕಾರರೋ ಎರಡೂ ಕಡೆಯವರನ್ನು ಕೂರಿಸಿ ಮಾತನಾಡುತ್ತಿದ್ದರು. ಇಲ್ಲಿ ಅಂಥವರಿಲ್ಲ. ಹೆತ್ತ ಮಗನ ಮೇಲೆ ದೂರು ಕೊಡುವುದೆಂತು ಎಂದು ಹಿರಿಯರು ಎಲ್ಲವನ್ನೂ ನುಂಗಿಕೊಳ್ಳುತ್ತಾರೆ.

ಮೌನಕ್ಕೂ ಮೊಕದ್ದಮೆಗೂ ನಡುವೆ ಒಂದು ದಾರಿಯಿದೆ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯಿದೆಯಂತೆ, ಉಪವಿಭಾಗಾಧಿಕಾರಿಗಿಂತ ಕಡಿಮೆಯಲ್ಲದ ದರ್ಜೆಯ ಅಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ವಿಚಾರಣೆಗೆ ಮೊದಲು ಮಂಡಳಿಯು ಅರ್ಜಿಯನ್ನು ಸಂಧಾನಾಧಿಕಾರಿಗೆ ಒಪ್ಪಿಸಬಹುದು. ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು. ರಾಜಿಯಾದರೆ ಅದೇ ಆದೇಶವಾಗುತ್ತದೆ. ಗಮನಿಸಬೇಕಾದ ಅಂಶವೆಂದರೆ, ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿಯೂ ಸಂಧಾನಾಧಿಕಾರಿಯಾಗಲು ಈ ಕಾಯಿದೆಯಲ್ಲಿ ಅವಕಾಶವಿದೆ. ಅಶಕ್ತರಾದ ಹಿರಿಯರು ಅಧಿಕಾರ ಕೊಟ್ಟರೆ ಅವರ ಪರವಾಗಿ ಸಂಸ್ಥೆಯೇ ಅರ್ಜಿ ಸಲ್ಲಿಸಲೂಬಹುದು. ನಮ್ಮ ಸಂಘಗಳಲ್ಲಿ ಬಹುತೇಕ ನೋಂದಾಯಿತವೇ ಆಗಿವೆ.

ಆದುದರಿಂದ ಪ್ರತಿಯೊಂದು ಸಂಘವೂ ಮೂರು ಮಂದಿಯ ಸಂಧಾನ ಸಮಿತಿಯೊಂದನ್ನು ರಚಿಸುವುದು ಸೂಕ್ತ. ನಿವೃತ್ತ ಶಿಕ್ಷಕರು, ಕಾನೂನು ಬಲ್ಲವರು, ಕಡ್ಡಾಯವಾಗಿ ಒಬ್ಬ ಮಹಿಳೆ ಅದರಲ್ಲಿರಲಿ. ಎರಡೂ ಕಡೆಯ ನೆಂಟರು ಬೇಡ. ಮೊದಲು ಹಿರಿಯರ ಮಾತನ್ನು ಒಬ್ಬರೇ ಇರುವಾಗ, ಅವರಾಡುವ ಕನ್ನಡದಲ್ಲೋ ತುಳುವಿನಲ್ಲೋ ಕೇಳಬೇಕು. ಬಳಿಕ ಮಗ-ಸೊಸೆಯ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಬೇಕು. ತಿಂಗಳಿಗೆ ಎಷ್ಟು ಹಣ, ಆಸ್ಪತ್ರೆಗೆ ಯಾರು ಕರೆದೊಯ್ಯುವುದು, ಪಾಸ್‌ಬುಕ್ ಯಾರ ಕೈಯಲ್ಲಿರಬೇಕು ಎಂಬುದನ್ನೆಲ್ಲ ಬರೆದು ಸಹಿ ಮಾಡಿಸಬೇಕು. ಅಲ್ಲಿ ಆಡಿದ ಮಾತು ಮುಂದಿನ ಯಕ್ಷಗಾನದ ಚೌಕಿಯಲ್ಲಿ ಚರ್ಚೆಯಾದರೆ ಸಮಿತಿಯ ಬಾಗಿಲಿಗೆ ಮತ್ತೆ ಯಾರೂ ಬರಲಾರರು.

ಇನ್ನೊಂದು ಎಚ್ಚರಿಕೆ. ರಾಜಿಯೆಂದರೆ ಹಿರಿಯರೇ ಸಹಿಸಿಕೊಳ್ಳಬೇಕೆಂದು ಅರ್ಥವಲ್ಲ. ಹೊಡೆತ, ಅನ್ನ-ಔಷಧ ನಿರಾಕರಣೆ, ಬೆದರಿಸಿ ಸಹಿ ಪಡೆಯುವುದು ಇಂಥವು ನಡೆದಿದ್ದರೆ ಸಂಧಾನಕ್ಕೆ ಕೂರದೆ ಪೊಲೀಸರ, ನ್ಯಾಯಮಂಡಳಿಯ ನೆರವು ಪಡೆಯಬೇಕು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಪ್ರತಿ ಸದಸ್ಯರಿಗೂ ತಿಳಿದಿರಲಿ.

ಮನೆ ಬರೆದುಕೊಡುವ ಮುನ್ನವೂ ಸಮಿತಿಯ ಸಲಹೆ ಉಪಯುಕ್ತವಾದೀತು. ನೋಡಿಕೊಳ್ಳುವ ಷರತ್ತಿನೊಂದಿಗೆ ದಾನವಾಗಿ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದುಪಡಿಸಲು 23ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಅಂಥ ಷರತ್ತು ಇತ್ತೆಂಬುದನ್ನು ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಪತ್ರದಲ್ಲೇ ಒಂದು ಸಾಲು ಬರೆಸಿದರೆ ಮುಂದಿನ ಎಷ್ಟೋ ಕಣ್ಣೀರು ಉಳಿದೀತು.

ಇದಕ್ಕೆ ದೊಡ್ಡ ನಿಧಿಯಾಗಲಿ ಸಭಾಗೃಹವಾಗಲಿ ಬೇಕಿಲ್ಲ. ಸಂಘದ ಕಚೇರಿಯಲ್ಲಿ ಭಾನುವಾರ ಎರಡು ತಾಸು, ನಾಲ್ಕು ಕುರ್ಚಿ, ಗುಟ್ಟು ಕಾಯುವ ಮೂವರು ಸಾಕು. ಮುಂದಿನ ಮಹಾಸಭೆಯಲ್ಲಿ ಪದಾಧಿಕಾರಿಗಳು ಈ ವಿಷಯವನ್ನು ಮಂಡಿಸಲಿ. ವೇದಿಕೆಯಲ್ಲಿ ಹೊದಿಸಿದ ಶಾಲಿಗೆ ಆಗಲೇ ಬೆಲೆ.