ಕಾಲರಾ: ಕ್ರಿಮಿ ಹಳೇದು, ಪೈಪೂ ಹಳೇದು

ಮಳೆ ಬಿತ್ತೆಂದರೆ ನಲ್ಲಿಯಲ್ಲಿ ಕೆಂಪು ನೀರು. ಅದರ ಹಿಂದೆಯೇ ಆಸ್ಪತ್ರೆಯಲ್ಲಿ ವಾಂತಿ-ಭೇದಿಯವರ ಸಾಲು. ಆಗ ಪುರಸಭೆಗಳಿಗೆ ಎಚ್ಚರವಾಗಿ ಚರಂಡಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ. ಎಲ್ಲ ಭೇದಿಯೂ ಕಾಲರಾ ಅಲ್ಲ, ನಿಜ. ಆದರೆ ಕಾಲರಾ ಬರೋದೂ ಇದೇ ದಾರಿಯಲ್ಲಿ: ಮಲ ಸೇರಿದ ನೀರು, ಅನ್ನ.

ಇದು ಹೊಸ ಮಾತಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಜನ ಸಾಯುತ್ತಿದ್ದಾಗ ಡಾ. ಜಾನ್ ಸ್ನೋ ಸಾವಿನ ಮನೆಗಳ ಲೆಕ್ಕ ಹಿಡಿದು ಒಂದು ಪಂಪಿನತ್ತ ಬೆರಳು ತೋರಿಸಿದರು. ಪಂಪಿನ ಹಿಡಿ ಕಳಚಿದರು. ಆದರೂ 'ಕೆಟ್ಟ ಗಾಳಿಯಿಂದ ರೋಗ' ಅನ್ನುತ್ತಿದ್ದ ದೊಡ್ಡವರು ಒಪ್ಪಲಿಲ್ಲ! 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯ ರೋಗಿಗಳಲ್ಲೂ ಕೆರೆ ನೀರಿನಲ್ಲೂ ಅದೇ ಕ್ರಿಮಿಯನ್ನು ಕಂಡರು.

ಅಲ್ಪವಿರಾಮ ಚಿಹ್ನೆಯಂತೆ ಬಾಗಿದ, ಒಂದೇ ಬಾಲದ ಜೀವಿ. ಕರುಳನ್ನು ಕೊರೆಯುವುದಿಲ್ಲ, ಗೋಡೆಗೆ ಅಂಟಿ ವಿಷ ಬಿಡುತ್ತದೆ. ಮೈಯೊಳಗಿನ ನೀರು, ಉಪ್ಪು ಹರಿದುಹೋಗಿ ಗಟ್ಟಿಮುಟ್ಟಾದ ಆಳೂ ಗಂಟೆಗಳಲ್ಲೇ ಸಾಯಬಹುದು. ಆ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯವರೇ ಆದ ಶಂಭುನಾಥ ಡೇ.

ಮದ್ದೂ ದುಬಾರಿಯದಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ನಡುವೆ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲುಕೋಸ್ ನೀರು ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ರೊಳಗೆ ಇಳಿಯಿತು.

ಕ್ರಿಮಿ ಗೊತ್ತು, ದಾರಿ ಗೊತ್ತು, ಮದ್ದೂ ಗೊತ್ತು. ಚರಂಡಿಯೊಳಗೇ ಹಾಯುವ ನಲ್ಲಿ ಪೈಪನ್ನು ಎತ್ತಿ ಬೇರೆ ಕಡೆ ಹಾಕೋದು ಮಾತ್ರ ಯಾರಿಗೂ ಗೊತ್ತಿಲ್ಲ. ಅಲ್ಲಿಯತನಕ ನೀರು ಕುದಿಸಿ ಕುಡಿಯೋದೇ ಜನರ ಪಾಲಿಗೆ ಉಳಿದ ದಾರಿ. ಕುದಿಸೋ ಸೌದೆ ಖರ್ಚು ಯಾರ ಲೆಕ್ಕಕ್ಕೆ?