ಥುನೇರಿನ ತೊಗಟೆ

ಕಾಳಿದಾಸನ 'ರಘುವಂಶ'ದ ದ್ವಿತೀಯ ಸರ್ಗದಲ್ಲಿ ಹಿಮಾಲಯದ ಒಂದು ದೇವದಾರು ವೃಕ್ಷದ ಪ್ರಸಂಗವಿದೆ. ಶಿವನು ಮಗನೆಂದು ಸ್ವೀಕರಿಸಿದ ಮರವದು. ಒಮ್ಮೆ ಕಾಡಾನೆಯೊಂದು ಕಪೋಲದ ನವೆ ಕಳೆಯಲು ಉಜ್ಜಿದಾಗ ಅದರ ತೊಗಟೆ ಕಿತ್ತುಹೋಯಿತು. ಅದನ್ನು ಕಂಡ ಪಾರ್ವತಿಯು, ಅಸುರರ ಅಸ್ತ್ರಗಳಿಂದ ಗಾಯಗೊಂಡ ಕುಮಾರಸ್ವಾಮಿಯನ್ನೇ ಕಂಡಂತೆ ಮರುಗಿದಳು. ಅಂದಿನಿಂದ ಸಿಂಹವೊಂದು ಆ ಮರದ ಕಾವಲಿಗೆ ನಿಂತಿತು. ಮರದ ಗಾಯವನ್ನು ಮಗುವಿನ ಗಾಯವೆಂದು ಬಗೆದ ಈ ಕವಿಕಲ್ಪನೆ ಅದೇ ಪರ್ವತದ ಮತ್ತೊಂದು ಸೂಚಿಪರ್ಣಿ ವೃಕ್ಷದ ವಿಷಯದಲ್ಲಿ ಇಂದು ಅಕ್ಷರಶಃ ನೆನೆಯತಕ್ಕದ್ದಾಗಿದೆ.

ಆ ವೃಕ್ಷವೇ ಹಿಮಾಲಯದ ಯೂ. ಉತ್ತರಾಖಂಡದ ಜನರ ಮಾತಿನಲ್ಲಿ ಥುನೇರ್. ಸಸ್ಯಶಾಸ್ತ್ರದಲ್ಲಿ ಇದರ ಕುಲ ಟ್ಯಾಕ್ಸಸ್. ಸುಮಾರು 2,000ದಿಂದ 3,000 ಮೀಟರ್ ಎತ್ತರದ ತಂಪು ಕಾಡುಗಳಲ್ಲಿ, ಹಿರಿಯ ಮರಗಳ ನೆರಳಿನಲ್ಲಿ ಇದು ಅತಿ ಮಂದಗತಿಯಿಂದ ಬೆಳೆಯುತ್ತದೆ. ಗಂಡುಮರ, ಹೆಣ್ಣುಮರಗಳು ಬೇರೆ ಬೇರೆ. ಕೆಂಪು ತಿರುಳಿನ ಬಟ್ಟಲಲ್ಲಿ ಕುಳಿತ ಬೀಜವನ್ನು ಹಕ್ಕಿಗಳು ಹರಡಬೇಕು. ನೆಲಕ್ಕೆ ಬಿದ್ದ ಬೀಜ ಮೊಳೆಯಲು ವರ್ಷವೊಂದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಇಂತಹ ಮರ ಕಳೆದ ವೇಗದಲ್ಲಿ ಮರಳಿ ಬಾರದು.

ಇದಕ್ಕೆ ಒದಗಿದ ಆಪತ್ತು ವಿಚಿತ್ರವಾದುದು. 1962ರಲ್ಲಿ ಅಮೆರಿಕದ ಪಶ್ಚಿಮ ಭಾಗದ ಕಾಡಿನಲ್ಲಿ ಇದೇ ಕುಲದ ಮರದ ತೊಗಟೆಯನ್ನು ಸಂಶೋಧನೆಗಾಗಿ ಸಂಗ್ರಹಿಸಲಾಯಿತು. ಅದರಲ್ಲಿದ್ದ ಟ್ಯಾಕ್ಸಾಲ್ ಎಂಬ ದ್ರವ್ಯದ ರಚನೆಯನ್ನು ಮನ್ರೋ ವಾಲ್ ಮತ್ತು ಭಾರತ ಸಂಜಾತ ಮನ್ಸುಖ್ ವಾಣಿಯವರ ತಂಡ 1971ರಲ್ಲಿ ಪ್ರಕಟಿಸಿತು. 1992ರಲ್ಲಿ ಅದು ಅಂಡಾಶಯದ ಕ್ಯಾನ್ಸರಿಗೆ ಔಷಧವೆಂದು ಅಮೆರಿಕದಲ್ಲಿ ಮಾನ್ಯವಾಯಿತು. ಇಂದು ಕರ್ನಾಟಕದ ರೋಗಿಗಳೂ ಅದರಿಂದ ಉಪಕೃತರಾಗುತ್ತಿದ್ದಾರೆ. ಆದರೆ ಒಂದು ಕಿಲೋಗ್ರಾಂ ಔಷಧಕ್ಕೆ ಸುಮಾರು 10,000 ಕಿಲೋಗ್ರಾಂ ತೊಗಟೆ ಬೇಕಾಗಿತ್ತು. ತೊಗಟೆ ಸುಲಿದ ಮರ ಉಳಿಯದು. ಮುಂದೆ ಎಲೆಗಳಿಂದಲೂ ಔಷಧಕ್ಕೆ ಬೇಕಾದ ಮೂಲದ್ರವ್ಯ ದೊರೆಯುವುದೆಂದು ತಿಳಿದಾಗ ಹಿಮಾಲಯದ ಥುನೇರಿಗೂ ಬೇಡಿಕೆ ಬಂದಿತು. ಎಲೆಯ ನೆಪದಲ್ಲಿ ಕೊಂಬೆಗಳೇ ಬೋಳಾದವು. 1995ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ವಿಧಿಸಲಾಯಿತು. 2011ರಲ್ಲಿ ಹಿಮಾಲಯದ ಎರಡು ಪ್ರಭೇದಗಳೂ ಅಪಾಯಕ್ಕೊಳಗಾದವುಗಳ ಪಟ್ಟಿಗೆ ಸೇರಿದವು.

ಇಲ್ಲಿ ದೋಷವನ್ನು ಔಷಧದ ಮೇಲೆ ಹೊರಿಸುವುದು ನ್ಯಾಯವಲ್ಲ. ಒಂದು ಜೀವವನ್ನುಳಿಸುವುದೂ ಧರ್ಮವೇ. ಸೌದೆಗೂ ಚಹಾದಂತಹ ಕಷಾಯಕ್ಕೂ ಥುನೇರನ್ನು ಆಶ್ರಯಿಸಿದ ಗಿರಿವಾಸಿಗಳನ್ನಷ್ಟೇ ದೂಷಿಸುವುದೂ ಸಲ್ಲದು. ಅವರಿಗೆ ಬೇರೆ ಉರುವಲು, ಬೇರೆ ಆದಾಯ ಒದಗಿಸದೆ ಕಾಡಿನ ಬಾಗಿಲು ಮುಚ್ಚಿದರೆ ಕಾನೂನು ಕಾಗದದಲ್ಲಿ ಉಳಿದೀತು, ಮರ ಉಳಿಯದು. ನಿಜವಾದ ದೋಷವಿರುವುದು ಬೆಳೆಸದೆ ಕೊಯ್ಯುವ ಬುದ್ಧಿಯಲ್ಲಿ.

ಪರಿಹಾರ ಅಸಾಧ್ಯವೇನಲ್ಲ. ಕೊಂಬೆಯ ತುಂಡುಗಳಿಗೆ ಬೇರು ಬರಿಸಿ ಸಸಿ ಮಾಡುವ ವಿಧಾನವನ್ನು ಅಲ್ಮೋರ ಬಳಿಯ ಪಂತ್ ಹಿಮಾಲಯ ಪರಿಸರ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಕೋಶಗಳನ್ನು ಕೃತಕವಾಗಿ ಬೆಳೆಸಿ ಔಷಧ ಪಡೆಯುವ ಮಾರ್ಗವೂ ಬಳಕೆಗೆ ಬಂದಿದೆ. ಆದ್ದರಿಂದ ಕಾಡಿನ ಮರವನ್ನು ಮುಟ್ಟಬೇಕಾದ ಅಗತ್ಯವೇ ಕ್ಷೀಣಿಸಿದೆ. ಔಷಧಕ್ಕೆ ಬೇಕಾದ ಎಲೆ ನೆಟ್ಟ ತೋಟಗಳಿಂದಲೇ ಬರಲಿ. ಆ ತೋಟಗಳು ಗ್ರಾಮಸ್ಥರ ಕೈಯಲ್ಲಿರಲಿ. ಕಾಡಿನಲ್ಲಿ ನೆಡುವಾಗ ಮಾತ್ರ ಒಂದೇ ಮರದ ತುಂಡುಗಳು ಸಾಲವು. ಗಂಡುಮರದಿಂದ ಬಂದ ಸಸಿ ಗಂಡೇ, ಹೆಣ್ಣಿನಿಂದ ಬಂದುದು ಹೆಣ್ಣೇ. ಎರಡೂ ಬೆರೆಯದ ನೆಡುತೋಪು ಹಸಿರಾಗಿ ಕಂಡರೂ ಬೀಜವಿಲ್ಲದ ಬಂಜೆ ಕಾಡು. ಲೆಕ್ಕಕ್ಕಾಗಿ ಸಸಿ ನೆಡುವವರು ಈ ಸತ್ಯವನ್ನು ಮರೆಯಬಾರದು.

ಥುನೇರನ್ನು ನೆಟ್ಟವನು ಅದರ ಪೂರ್ಣಾಕಾರವನ್ನು ಕಾಣಲಾರ. ಶಾಲೆ ಕಟ್ಟಿಸಿದ ದಾನಿಯೂ, ಅಕ್ಷರ ತಿದ್ದಿಸಿದ ಗುರುವೂ ತಮ್ಮ ಕಾರ್ಯದ ಪೂರ್ಣಫಲವನ್ನು ಕಂಡವರಲ್ಲ. ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಕಾವ್ಯದ ದೇವದಾರುವಿಗೆ ಸಿಂಹದ ಕಾವಲಿತ್ತು. ಥುನೇರಿಗೆ ಅಂತಹ ಸಿಂಹವಿಲ್ಲ. ತೊಗಟೆ ಸುಲಿದ ಕೈಯೇ ಇನ್ನು ಕಾವಲಿನ ಕೈಯಾಗಬೇಕಾಗಿದೆ.