ಮನೆಯಂಗಳಕ್ಕೆ ತಂಗಡಿ ಗಿಡ ಕೊಡಿ

ಗೆ,
ನಿರ್ದೇಶಕರು,
ತೋಟಗಾರಿಕೆ ಇಲಾಖೆ,
ಲಾಲ್‌ಬಾಗ್, ಬೆಂಗಳೂರು

ಮಾನ್ಯರೆ,

ಬೆಂಗಳೂರಿನ ಮನೆಯಂಗಳಗಳಲ್ಲಿ ಏನು ಬೆಳೆಯಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತಾ ಬಂದಿರುವುದು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ದೇಶವಿದೇಶಗಳ ಗಿಡಗಳನ್ನು ನಮ್ಮ ನೆಲಕ್ಕೆ ಒಗ್ಗಿಸಿತು. ಇದರ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಅವರ ಕಾಲದಲ್ಲಿ ಒಂದಾದ ಮೇಲೊಂದು ಹೂಬಿಡುವ ಮರಗಳು ನಗರದ ಬೀದಿಗಳಿಗೆ ಬಂದವು. ಇಂದಿಗೂ ಇಲ್ಲಿನ ಫಲಪುಷ್ಪ ಪ್ರದರ್ಶನದಲ್ಲಿ ಕಂಡು ಮೆಚ್ಚಿದ್ದನ್ನು ಜನ ನರ್ಸರಿಯಲ್ಲಿ ಕೇಳುತ್ತಾರೆ, ಜನ ಕೇಳಿದ್ದನ್ನು ನರ್ಸರಿಯವರು ಬೆಳೆಸುತ್ತಾರೆ. ಅದಕ್ಕೇ ನೀರಿನ ಕುರಿತಾದ ಈ ಪತ್ರವನ್ನು ಜಲಮಂಡಳಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ. ಮನೆ ಮುಂದಿನ ಹುಲ್ಲುಹಾಸು ತೆಗೆದು, ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ನಮ್ಮದೇ ಗಿಡಗಳನ್ನು ನೆಡಲು ಜನರಿಗೆ ದಾರಿ ತೋರಿಸಿ ಎಂಬುದು ನನ್ನ ಮನವಿ.

2024ರ ಮಾರ್ಚ್ ತಿಂಗಳ ನೀರಿನ ಬರವನ್ನು ಈ ಊರು ಮರೆತಿಲ್ಲ. ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಆದೇಶ ಸರಿಯಾದದ್ದೇ. ಆದರೆ ದಂಡದ ಭಯ ಮಳೆ ಬೀಳುವವರೆಗೆ ಮಾತ್ರ. ದಿನವೂ ನೀರು ಬೇಡುವ ಹುಲ್ಲು ಅಂಗಳದಲ್ಲಿ ಇರುವಷ್ಟು ಕಾಲ, ಬೇಸಿಗೆ ಬಂದಾಗಲೆಲ್ಲ ಪೈಪು ಹಿಡಿಯುವ ಕೈ ಇದ್ದೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹುಲ್ಲುಹಾಸು ಸುಮಾರು 18.6 ಚದರ ಮೀಟರ್ ಆಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅದು ಹಸಿರಾಗಿರಲು ದಿನಕ್ಕೆ 5 ಮಿಲಿಮೀಟರ್ ನೀರು ಎಂದುಕೊಂಡರೂ ತೊಂಬತ್ತು ಲೀಟರ್ ದಾಟುತ್ತದೆ. ಹೋಲಿಕೆಗೆ ಹೇಳುವುದಾದರೆ, ನಗರದಲ್ಲಿ ಒಬ್ಬರ ಸ್ನಾನ, ಅಡುಗೆ, ಬಟ್ಟೆ, ಶೌಚ ಎಲ್ಲ ಸೇರಿ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಮಾನದಂಡ. ಹುಲ್ಲಿಗೆ ಹಾಕುವ ಆ ನೀರು ಕಾವೇರಿಯದಾದರೆ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದದ್ದು. ಕೊಳವೆಬಾವಿಯದಾದರೆ ನೂರಾರು ಅಡಿ ಆಳದಿಂದ ಎತ್ತಿದ್ದು.

ನಮ್ಮ ಮಳೆ ಕಡಿಮೆಯೇನಲ್ಲ. ವರ್ಷಕ್ಕೆ 900 ಮಿಲಿಮೀಟರ್ ಮೀರುತ್ತದೆ. ಆದರೆ ಅದರಲ್ಲಿ ಬಹುಪಾಲು ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಸುರಿದು ಹೋಗುತ್ತದೆ. ಹುಲ್ಲುಹಾಸಿನ ಬೇರು ಮೇಲ್ಮಣ್ಣಿನಲ್ಲೇ ಉಳಿಯುವುದರಿಂದ ಬೇಸಿಗೆಯಲ್ಲಿ ಕೆಲವು ದಿನ ನೀರು ತಪ್ಪಿದರೆ ತುದಿ ಕೆಂಪಾಗುತ್ತದೆ. ಅದರ ಬದಲು ನಮ್ಮದೇ ಗಿಡವಾದ ತಂಗಡಿಯನ್ನು ನೋಡಿ. ಕಲ್ಲುಮಣ್ಣಿನ ರಸ್ತೆಯ ಅಂಚಿನಲ್ಲಿ, ಯಾರೂ ಒಂದು ಚೊಂಬು ನೀರು ಹಾಕದ ಕಡೆಯಲ್ಲಿ, ರೆಂಬೆಯ ತುದಿಗೆ ಹಳದಿ ಹೂಗೊಂಚಲು ಹೊತ್ತು ನಿಂತಿರುತ್ತದೆ. ಕೆಳಗಡೆ ಕಾಗದದಷ್ಟು ತೆಳುವಾದ ಒಣಗಿದ ಕಾಯಿ. ಎಲೆಯಡಿ ಬಗ್ಗಿ ನೋಡಿದರೆ ಅಲ್ಲಲ್ಲಿ ಚಿಟ್ಟೆಯ ಹಸಿರು ಮರಿಹುಳು. ಇಂಥ ಗಿಡಗಳು ಇನ್ನೂ ಇವೆ: ಬೇಲಿಗೆ ಬಂದರಿಕೆ, ಲಕ್ಕಿ, ಹೂವಿಗೆ ಮುಳ್ಳುಗೋರಂಟೆ, ಗೋಡೆಯ ಮಗ್ಗುಲಿಗೆ ಆಡುಸೋಗೆ, ಇಳಿಜಾರಿಗೆ ಲಾವಂಚ, ಮಳೆಗಾಲಕ್ಕೆ ತಾನಾಗಿ ಏಳುವ ತುಂಬೆ. ಹಸಿರು ನೆಲವೇ ಬೇಕೆಂದರೆ ಗರಿಕೆಯಿದೆ. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮೊದಲ ಮಳೆಗೆ ಚಿಗುರುತ್ತದೆ.

ಇವನ್ನು ನೆಡಲು ಮನಸ್ಸಿರುವವರಿಗೆ ಗಿಡ ಸಿಗುವುದಿಲ್ಲ. ನಮ್ಮ ಬಡಾವಣೆಯ ಸುತ್ತಮುತ್ತ ತಂಗಡಿ ಸಸಿ ಕೇಳಿದಾಗ ಒಬ್ಬ ನರ್ಸರಿಯವರು ಹೇಳಿದ್ದು: "ಅದು ರಸ್ತೆ ಬದಿ ಗಿಡ ಸಾರ್, ದುಡ್ಡು ಕೊಟ್ಟು ಯಾರು ತಗೋತಾರೆ? ಮೆಕ್ಸಿಕನ್ ಗ್ರಾಸ್ ಹಾಕಿಸಿ, ನಾಳೆನೇ ಹಸಿರಾಗುತ್ತೆ." ಅವರು ವ್ಯಾಪಾರದ ಮಾತು ಆಡಿದರು, ತಪ್ಪೇನಿಲ್ಲ. ಬೇಡಿಕೆ ಹುಟ್ಟಿಸಬೇಕಾದವರು ತಾವು.

ಜನರ ಅನುಮಾನಗಳೂ ಸುಳ್ಳಲ್ಲ. ಪೊದೆ ಬೆಳೆದರೆ ಹಾವು ಬರುತ್ತದೆ, ಅಂಗಳ ಕಾಡಿನಂತೆ ಕಾಣುತ್ತದೆ ಎನ್ನುತ್ತಾರೆ. ಬಾಗಿಲ ಬಳಿ ಜಾಗ ತೆರವಾಗಿಟ್ಟು, ಬುಡ ಸವರಿ, ನಡುವೆ ಕಾಲುದಾರಿ ಬಿಟ್ಟರೆ ಅಂದವೂ ಉಳಿಯುತ್ತದೆ, ಭಯವೂ ಕಡಿಮೆಯಾಗುತ್ತದೆ. ಮೊದಲ ವರ್ಷ ಈ ಗಿಡಗಳಿಗೂ ನೀರು ಬೇಕು ಎಂಬುದನ್ನು ಮುಚ್ಚಿಡಬಾರದು. ಮುಂಗಾರಿನಲ್ಲಿ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಿ, ಬೇರೂರುವವರೆಗೆ ನೋಡಿಕೊಂಡರೆ ಮುಂದೆ ಅವು ಹೆಚ್ಚೇನೂ ಕೇಳುವುದಿಲ್ಲ. ಮಕ್ಕಳು ಆಡುವ ಪಾರ್ಕಿನ ಹುಲ್ಲನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಯಾರೂ ಕಾಲಿಡದ, ನೋಡಲಷ್ಟೇ ಇರುವ ಹುಲ್ಲುಹಾಸಿನ ಬಗ್ಗೆ ನನ್ನ ಮಾತು.

ತಮ್ಮಲ್ಲಿ ಕೇಳುವುದು ಮೂರೇ ಕೆಲಸ. ಒಂದು, ಲಾಲ್‌ಬಾಗಿನಲ್ಲಿ 30x40 ಅಡಿ ನಿವೇಶನದ ಮನೆಯಂಗಳದ ಮಾದರಿಯೊಂದನ್ನು ಹುಲ್ಲುಹಾಸಿಲ್ಲದೆ ಮಾಡಿ, ವರ್ಷವಿಡೀ ತೆರೆದಿಡಿ. ಪ್ರದರ್ಶನದ ದಿನಗಳಲ್ಲಷ್ಟೇ ಅಲ್ಲ, ಏಪ್ರಿಲ್ ಬಿಸಿಲಲ್ಲೂ ಅದು ಹೇಗಿದೆಯೆಂದು ಜನ ನೋಡಲಿ. ಎರಡು, ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಈ ಗಿಡಗಳನ್ನು ಬೀಜ, ಕಡ್ಡಿ, ಕಂದುಗಳಿಂದ ಬೆಳೆಸಿ ಮಾರಿ. ಕಾಡಿನಿಂದ ಕಿತ್ತು ತರುವುದು ಬೇಡ. ಪ್ರತಿ ಸಸಿಗೂ ಕನ್ನಡದ ಹೆಸರು, ಬೆಳೆಯುವ ಎತ್ತರ, ಹೂಬಿಡುವ ಕಾಲ, ಬೇಕಾಗುವ ನೀರು ಬರೆದ ಚೀಟಿ ಇರಲಿ. ಮೂರು, ಮನೆಮನೆಗೆ ಹೋಗಿ ದುಡಿಯುವ ಮಾಲಿಗಳಿಗೆ ತರಬೇತಿ ಕೊಡಿ. ಮನೆಯವರು ತೋಟದ ವಿಷಯದಲ್ಲಿ ಮೊದಲು ಕೇಳುವುದು ಅವರ ಮಾತನ್ನೇ.

ಜೂನ್ ಮಳೆಗೆ ಸಸಿ ಸಿದ್ಧವಿರಬೇಕಾದರೆ ಬೀಜ ಸಂಗ್ರಹ ಅದಕ್ಕೂ ಎಷ್ಟೋ ಮೊದಲೇ ಶುರುವಾಗಬೇಕು. ಈ ಮುಂಗಾರನ್ನು ಕಳೆದುಕೊಂಡರೆ ಇನ್ನೊಂದು ವರ್ಷ ಕಾಯಬೇಕು, ನಡುವೆ ಇನ್ನೊಂದು ಬೇಸಿಗೆ ಬರುತ್ತದೆ. ದಯವಿಟ್ಟು ಈಗಲೇ ಆದೇಶ ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ